ಅಕ್ಕನ ಚಾವಿ ರೈಲು

ರೈಲೇ ಇಲ್ಲದ ಊರಿನಲ್ಲಿ ಹುಟ್ಟಿ, ಮೂವತ್ತೈದು ವರ್ಷ ರೈಲ್ವೆಯಲ್ಲಿ ನೌಕರಿ ಮಾಡಿ, ನಿವೃತ್ತಿಯಾದ ಮೇಲೆ ಮತ್ತೆ ಅದೇ ಊರಿಗೆ ಬಂದು ಕುಳಿತವಳಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ತಪ್ಪಿಸಿಕೊಳ್ಳಲು ಹೋದರೆ ಅವು ಬಸ್ಸು ಹತ್ತಿ ನನ್ನ ಹಿಂದೆಯೇ ಬರುತ್ತವೆ.

ನಮ್ಮೂರು ಬೈಲಹೊಂಗಲ. ನಾನು ಸಿಗ್ನಲ್ ವಿಭಾಗದ ಎಂಜಿನಿಯರ್ ಆಗಿದ್ದೆ. ಆದರೆ ನಮ್ಮ ಓಣಿಯವರ ಪ್ರಕಾರ ಎಂಜಿನಿಯರ್ ಎಂದರೆ ಎಂಜಿನ್ ಹೊಡೆಯುವವರು. ರಜೆಗೆ ಬಂದಾಗಲೆಲ್ಲ ಎದುರು ಮನೆಯ ಅಜ್ಜಿ, "ನೀ ಇಲ್ಲಿ ಬಂದು ಕುಂತಿ, ಅಲ್ಲಿ ಗಾಡಿ ಯಾರ ಕೈಯಾಗ ಕೊಟ್ಟು ಬಂದೀಯವಾ?" ಎಂದು ಗಾಬರಿಯಿಂದ ಕೇಳುತ್ತಿದ್ದಳು.

ನಾನು ಈ ಕೆಲಸಕ್ಕೆ ಬಿದ್ದದ್ದೇ ಒಂದು ಆಟಿಕೆಯಿಂದ. ಅಪ್ಪ ಹತ್ತಿ ಗಿರಣಿಯಲ್ಲಿ ಗುಮಾಸ್ತ. ಒಮ್ಮೆ ಗಿರಣಿ ಕೆಲಸಕ್ಕೆ ಮುಂಬೈಗೆ ಹೋದವನು, ಅಕ್ಕ ಏಳನೇ ಇಯತ್ತೆಯಲ್ಲಿ ಶಾಲೆಗೇ ಮೊದಲು ಬಂದಳೆಂದು ಅವಳಿಗೊಂದು ಚಾವಿ ರೈಲು ತಂದ. ತಗಡಿನ ಹಸಿರು ಎಂಜಿನ್, ಮೂರು ಕೆಂಪು ಡಬ್ಬಿ, ದುಂಡಗೆ ಜೋಡಿಸುವ ಹಳಿ. ಚಾವಿ ಕೊಟ್ಟರೆ ಟರ್ರ್ ಎಂದು ಪಡಸಾಲೆ ತುಂಬ ಸಪ್ಪಳ ಮಾಡುತ್ತ ಸುತ್ತು ಹೊಡೆಯುತ್ತಿತ್ತು. ಎಂಟು ದಿನ ಹೊಡೆಯಿತು, ಒಂಬತ್ತನೆಯ ದಿನ ನಿಂತಿತು. ಯಾಕೆ ನಿಂತಿತೆಂದು ನೋಡಲು ಎಂಟು ವರ್ಷದ ನಾನು ಅದನ್ನು ಬಿಚ್ಚಿದೆ. ಸ್ಪ್ರಿಂಗ್ ಹಾರಿತು, ಒಳಗಿನದೆಲ್ಲ ನೆಲದ ತುಂಬ ಚೆಲ್ಲಿತು. ಆರಿಸಿ ಕೂಡಿಸಿದರೆ ಒಂದು ಗೂಟ ಖಾಲಿ ಉಳಿಯಿತು. ಅದರ ಮೇಲಿನ ಹಲ್ಲಿನ ಚಕ್ರ ಎಲ್ಲಿಯೂ ಸಿಗಲಿಲ್ಲ.

ರೈಲು ನಿಂತದ್ದು ಮೊದಲು, ನಾನು ಬಿಚ್ಚಿದ್ದು ಆಮೇಲೆ. ಆದರೆ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಸಿಕ್ಕವರ ಮಾತು ಯಾರು ಕೇಳುತ್ತಾರೆ? ಅಂದಿನಿಂದ ಅಕ್ಕ ಸಿಕ್ಕಾಗಲೆಲ್ಲ ಒಂದೇ ಮಾತು: "ನನ್ನ ರೈಲು ಕೆಡಿಸಿ ನೀ ಎಂಜಿನಿಯರ್ ಆದಿ." ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ಎರಡು ಮಾತಾಡಿ ಎಂದು ಆಕೆಗೆ ಮೈಕು ಕೊಟ್ಟರೆ, "ರೈಲ್ವೆದವರು ಪುಣ್ಯವಂತ್ರು, ನಿಮ್ಮ ಗಾಡಿ ಒಂದೂ ಈಕಿ ಬಿಚ್ಚಲಿಲ್ಲ" ಎಂದಳು. ಸಭೆ ನಕ್ಕಿತು, ಅಕ್ಕ ನಗಲಿಲ್ಲ. ಆಕೆಗೆ ಅದು ಚೇಷ್ಟೆಯ ಮಾತಲ್ಲ ಎಂದು ನನಗೆ ಗೊತ್ತು. ಅಪ್ಪ ಆಕೆಗೆಂದೇ ತಂದ ವಸ್ತು ಅದೊಂದೇ. ಅಪ್ಪ ಹೋಗಿಯೂ ಬಹಳ ವರ್ಷವಾಯಿತು.

ಹೀಗಾಗಿ ನಿವೃತ್ತಿಯಾದ ಮೇಲೆ ನಾನು ಕೈಗೆತ್ತಿಕೊಂಡದ್ದು ಇದೇ ಕೆಲಸ. ಅಕ್ಕನ ಕಣ್ಣೆದುರು ಆ ರೈಲು ಒಂದು ಸುತ್ತು ಹೊಡೆಯಬೇಕು. ಎಂಜಿನ್ ನನ್ನ ಬಳಿ ಇತ್ತು. ಓಡದ ರೈಲಿನ ಡಬ್ಬಿಗಳು ಮಾತ್ರ ಮನೆಗೆ ಬಂದು ಹೋದವರ ಜೊತೆ ಊರೂರು ಸೇರಿದ್ದವು. ಒಂದು ಕಿತ್ತೂರಿನ ಕಾಕಾನ ಮನೆಯಲ್ಲಿ, ಒಂದು ಸವದತ್ತಿಯ ಹತ್ತಿರ ಉಗರಗೋಳದ ಚಿಗವ್ವನ ಬಳಿ. ಇನ್ನೊಂದು ಡಬ್ಬಿ ಮತ್ತು ಹಳಿ ರಾಮದುರ್ಗದಲ್ಲಿ, ಸ್ವತಃ ಅಕ್ಕನ ಬಳಿ.

ಪ್ರೇರಣೆಯ ಭಾಷಣ

ಊರಿನ ಒಂದು ಹೆಣ್ಣುಮಕ್ಕಳ ಶಾಲೆಯವರು ಮಾತಾಡಲು ಕರೆದರು. ಹುಡುಗಿಯರಿಗೆ ಪ್ರೇರಣೆ ಆಗಬೇಕಂತೆ. ನಾನು ಇದೇ ಚಕ್ರದ ಕಥೆ ಹೇಳಿದೆ. ಕಳೆದ ಆ ಚಕ್ರ ಏನು ಕೆಲಸ ಮಾಡುತ್ತಿತ್ತು ಎಂಬ ಕುತೂಹಲವೇ ನನ್ನನ್ನು ಕಾಲೇಜಿಗೆ ಎಳೆದೊಯ್ದಿತು, ಕುತೂಹಲ ಇದ್ದವರು ಎಲ್ಲಿಗೂ ಹೋಗಬಲ್ಲರು ಎಂದು ಕೈಯೆತ್ತಿ ಹೇಳಿದೆ. ಚಪ್ಪಾಳೆ ಬಿತ್ತು.

ಪ್ರಶ್ನೆ ಕೇಳಿ ಎಂದರೆ ಎರಡು ಜಡೆಯ ಒಬ್ಬ ಹುಡುಗಿ ಎದ್ದಳು.

"ಆ ಚಕ್ರ ಕಡೀಕ ಸಿಕ್ಕಿತೇನ್ರಿ ಮೇಡಂ?"

"ಇಲ್ಲಮ್ಮ."

"ಹೊಸಾದರ ಮಾಡಿ ಹಾಕಿದ್ರೇನ್ರಿ?"

"ಇನ್ನೂ ಇಲ್ಲ."

"ಮತ್ತ ಇಷ್ಟು ವರ್ಷ ಏನು ಮಾಡಿದ್ರಿ ಮೇಡಂ?"

ಮುಖ್ಯೋಪಾಧ್ಯಾಯರು ಗಡಬಡಿಸಿ ಎದ್ದು ವಂದನಾರ್ಪಣೆ ಶುರು ಮಾಡಿದರು. ನಿಜ ಹೇಳಬೇಕೆಂದರೆ ಆ ಪ್ರಶ್ನೆ ಕೇಳಿಯೇ ನಾನು ಮರುದಿನ ಕಪಾಟಿನಿಂದ ಎಂಜಿನ್ ಹೊರಗೆ ತೆಗೆದದ್ದು.

ಎರಡು ದಿನ ಬಿಟ್ಟು ಒಬ್ಬ ತಾಯಿ ಮನೆಗೆ ಬಂದರು, ಕೈಯಲ್ಲೊಂದು ಚೀಲ. "ಮೇಡಂ, ನಿಮ್ಮ ಭಾಷಣ ಕೇಳಿ ಬಂದಾಕಿನ ನನ್ನ ಮಗಳು ಮಿಕ್ಸರ್ ಬಿಚ್ಚ್ಯಾಳ್ರಿ." ನಾನು ಜೀವ ಹಿಡಿಮಾಡಿಕೊಂಡು, "ಕೂಡಿಸಿದಳೇ?" ಎಂದೆ. "ಕೂಡಿಸ್ಯಾಳ್ರಿ, ತಿರಗತೈತಿ. ಆದರ ಮೂರು ಸ್ಕ್ರೂ ಉಳದಾವ. ನಿಮಗ ಒಂದು ಚಕ್ರ ಕಡಿಮಿ ಬಿದ್ದು ಇಷ್ಟು ದೊಡ್ಡ ನೌಕರಿ ಆತಲ್ಲ, ನಮ್ಮಾಕಿಗೆ ಮೂರು ಜಾಸ್ತಿ ಅದಾವ, ಏನರ ಆಗತೈತೇನ್ರಿ?"

ಎಂಜಿನ್ನಿನ ಟಿಕೀಟು

ಡಬ್ಬಿಯ ಕೊಂಡಿ ಕೂಡುತ್ತದೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಎಂಜಿನ್ನನ್ನು ಕೈಚೀಲದಲ್ಲಿಟ್ಟುಕೊಂಡು ಕಿತ್ತೂರು ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಾಗಿನಿಂದ ಕುಳಿತುಕೊಳ್ಳಲು ಸಿಕ್ಕರೆ ಅದೇ ದೊಡ್ಡ ಮಾತು. ಚೀಲವನ್ನು ಎದೆಗವಚಿಕೊಂಡು ನಿಂತಿದ್ದೆ. ಕಂಡಕ್ಟರಿಗೆ ಸಂಶಯ ಬಂತು.

"ಚೀಲದಾಗ ಏನೈತ್ರಿ ಅಕ್ಕಾರ?"

ಯೋಚಿಸದೆ, "ಎಂಜಿನ್" ಎಂದುಬಿಟ್ಟೆ.

"ಬೋರಿಂದೋ, ಟ್ರ್ಯಾಕ್ಟರಂದೋ?"

"ರೈಲಿಂದು."

ಸುತ್ತಲಿನ ನಾಲ್ಕು ಸೀಟಿನವರು ತಿರುಗಿದರು. ತೆಗೆದು ತೋರಿಸುವುದು ಅನಿವಾರ್ಯವಾಯಿತು. ಹಸಿರು ಎಂಜಿನ್ ಕೈಯಿಂದ ಕೈಗೆ ಹೋಗುತ್ತ ಹಿಂದಿನ ಸೀಟಿನ ತನಕ ಹೋಗಿ ಬಂತು. "ಹೊಗಿ ಎಲ್ಲಿಂದ ಬರತೈತಿ?" "ಇದಕ ಎಷ್ಟು ಡಬ್ಬಿ ಎಳಿಯೂ ತಾಕತ್ತು ಐತಿ?" ಹೀಗೆ ಕಾಲೇಜಿನ ಮೌಖಿಕ ಪರೀಕ್ಷೆಯಲ್ಲೂ ಕೇಳದ ಪ್ರಶ್ನೆಗಳು. ಕಂಡಕ್ಟರ್ ಮಾತ್ರ ಕರ್ತವ್ಯ ಬಿಡಲಿಲ್ಲ. "ನಿಮಗ ಫ್ರೀ ಐತ್ರಿ, ಇದಕ ಲಗೇಜ್ ಬೀಳತೈತಿ" ಎಂದ.

ನನ್ನ ಪಕ್ಕದ ಹೆಣ್ಣುಮಗಳು ತೊಡೆಯ ಮೇಲೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಆಕೆಗೆ ಸಿಟ್ಟು ಬಂತು. "ಯಾಕ ಬೀಳತೈತಿ? ರೈಲು ಗಂಡು ಅಂತ ನಿನಗ ಯಾರು ಹೇಳ್ಯಾರ?"

ಕಂಡಕ್ಟರ್ ಎಂಜಿನ್ನನ್ನು ಕೈಗೆ ತೆಗೆದುಕೊಂಡು ಮೇಲೆ ಕೆಳಗೆ ತಿರುಗಿಸಿ ನೋಡಿ, ಗಂಭೀರವಾಗಿ ನನಗೆ ಹಿಂದಿರುಗಿಸಿದ. "ಇರ್ಲಿ ಬಿಡ್ರಿ. ಆದರ ಮುಂದಿನ ಸಲ ಇದರ ಆಧಾರ್ ಕಾರ್ಡ್ ತರ್ರಿ."

ಬರಿಯ ಡಬ್ಬಿ ಕೊಡಬಾರದು

ಹೊರಡುವ ಮೊದಲು ಕಾಕಾನಿಗೆ ಫೋನು ಮಾಡಿದ್ದೆ. "ಕಾಕಾ, ನಮ್ಮ ಡಬ್ಬಿ ನಿಮ್ಮನ್ಯಾಗ ಐತೇನು?" ಆತ ಕಾಕಿಯನ್ನು ಕೇಳಿ, "ಐತಂತ ಬಾ" ಎಂದಿದ್ದ. ನಮ್ಮ ಕಡೆ ರೈಲಿನ ಬೋಗಿಗೂ ಡಬ್ಬಿ ಎನ್ನುತ್ತೇವೆ, ಊಟದ ಡಬ್ಬಕ್ಕೂ ಡಬ್ಬಿ ಎನ್ನುತ್ತೇವೆ. ಮೂವತ್ತೈದು ವರ್ಷ ಸಿಗ್ನಲ್ ಕೆಲಸ ಮಾಡಿದವಳಿಗೆ ಒಂದು ಸಂದೇಶ ಸರಿಯಾಗಿ ಮುಟ್ಟಿತೋ ಇಲ್ಲವೋ ಎಂದು ಖಚಿತ ಮಾಡಿಕೊಳ್ಳುವ ಬುದ್ಧಿ ಇರಬೇಕಿತ್ತು.

ಹೋದರೆ ಕಾಕಿಯ ಮುಖ ಊದಿತ್ತು. ನನ್ನ ಮುಂದೆ ಒಂದು ಸ್ಟೀಲಿನ ಡಬ್ಬಿ ಕುಕ್ಕಿದಳು. "ತಗೋವಾ. ನಿಮ್ಮವ್ವ ಯಾವ ಕಾಲದಾಗೋ ಕರಚೀಕಾಯಿ ಹಾಕಿ ಕಳಿಸಿದ್ಲು. ಬರೇ ಡಬ್ಬಿ ಕೊಡಬಾರದು, ಏನರ ತುಂಬಿ ಕೊಡೋಣಂತ ನಾ ಇಟ್ಕೊಂಡು ಕುಂತೇನಿ. ಅಷ್ಟರಾಗ ಒಂದು ಡಬ್ಬಿ ಸಲುವಾಗಿ ಬೈಲಹೊಂಗಲದಿಂದ ಬಂದಿ! ನಾವೇನು ನುಂಗತಿದ್ವೇನು?"

ನಾನು ಚೀಲದಿಂದ ಎಂಜಿನ್ ತೆಗೆದು ತೋರಿಸಿ, ಕೈಮುಗಿದು, ಇದರ ಹಿಂದೆ ಕಟ್ಟುವ ಡಬ್ಬಿ ಎಂದು ವಿವರಿಸಿದೆ. ಕಾಕಾ ಬಿದ್ದು ಬಿದ್ದು ನಕ್ಕ. ಕೆಂಪು ಬೋಗಿ ಆತನ ತಲೆದಿಂಬಿನ ಬಳಿಯೇ ಇತ್ತು. ಅದರಲ್ಲಿ ಅವನ ಚಷ್ಮಾ ಮಲಗುತ್ತಿತ್ತು. "ನಮ್ಮೂರಿಗೆ ರೈಲು ಬರತೈತಿ ಬರತೈತಿ ಅಂತ ಕೇಳಕೋಂತ ಮುದುಕ ಆದೆ. ಒಂದು ಡಬ್ಬಿ ಅಂತೂ ಇತ್ತು, ಅದನ್ನೂ ನೀ ಒಯ್ತಿ" ಎಂದ.

ತಪ್ಪು ತಿಳುವಳಿಕೆ ತಿಳಿಯಾದರೂ ಕಾಕಿಯ ನೇಮ ಸಡಿಲಾಗಲಿಲ್ಲ. ಸ್ಟೀಲಿನ ಡಬ್ಬಿಗೆ ಶೇಂಗಾ ಹೋಳಿಗೆ ತುಂಬಿದಳು. ಬೋಗಿಯನ್ನೂ ಬರಿದೇ ಕೊಡಬಾರದೆಂದು ಕಿಟಕಿಯ ಮಟ್ಟದ ತನಕ ಸಕ್ಕರೆ ತುಂಬಿ, ಮೇಲೆ ಕಾಗದ ಮುಚ್ಚಿ, ದಾರ ಸುತ್ತಿ ಕೊಟ್ಟಳು. ಬೈಲಹೊಂಗಲ ಮುಟ್ಟಿ ಚೀಲ ತೆರೆದು ನೋಡಿದರೆ ಬೋಗಿ ಭರ್ತಿಯಾಗಿತ್ತು, ಬಾಗಿಲಲ್ಲಿ ಜೋತುಬಿದ್ದವರೂ ಇದ್ದರು. ಒಂದು ಇರುವೆಗೂ ಸೀಟು ಖಾಲಿ ಇರಲಿಲ್ಲ.

ಉಗರಗೋಳದ ಹರಕೆ

ಚಿಗವ್ವ, ಅಂದರೆ ಅವ್ವನ ತಂಗಿ, ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಬಳೆ, ಕುಂಕುಮ, ದೇವಿಗೆ ಏರಿಸುವ ಅರಿಶಿನ ಭಂಡಾರದ ಅಂಗಡಿ ಇಟ್ಟಿದ್ದಾಳೆ. ರೈಲಿನ ಡಬ್ಬಿ ಅಲ್ಲಿ ಹಳದಿ ಭಂಡಾರ ತುಂಬಿಕೊಂಡು ಅಂಗಡಿಯ ನಟ್ಟನಡುವೆ ವಿರಾಜಮಾನವಾಗಿತ್ತು. ಅದರ ಮೂಲ ಬಣ್ಣ ಕೆಂಪೆಂದು ಹೇಳಿದರೆ ಯಾರೂ ನಂಬುವಂತಿರಲಿಲ್ಲ.

"ಕೊಡೂದಿಲ್ಲ" ಎಂದಳು ಚಿಗವ್ವ. "ಅದನ್ನ ಇಟ್ಟಾಗಿಂದ ಅಂಗಡಿ ನಡದೈತಿ."

"ಅಂಗಡಿ ನಡಸಾಕ ಅಲ್ಲ ಚಿಗವ್ವ ಅದು ಇರೂದು. ಅದಕ್ಕ ಗಾಲಿ ಅದಾವ, ಅದ ನಡೀಬೇಕು."

ಅಕ್ಕನ ವಿಷಯ ಹೇಳಿದ ಮೇಲೆ ಸ್ವಲ್ಪ ಮೆತ್ತಗಾದಳು. "ವಿಚಾರ ಮಾಡತೇನಿ. ನಾ ಉಂಡು ಬರೂತನಕ ಅಂಗಡ್ಯಾಗ ಕುಂದರು" ಎಂದು ಮನೆಗೆ ಹೋದಳು.

ನಾನು ಕುಳಿತೆ. ಗುಡ್ಡದಿಂದ ಇಳಿದು ಬಂದ ಒಬ್ಬ ಯಜಮಾನರು ಡಬ್ಬಿಯನ್ನೇ ನೋಡುತ್ತ ನಿಂತರು. ತೊಟ್ಟಿಲು, ಕಣ್ಣು ಎಂದು ಹರಕೆಗೆ ಒಪ್ಪಿಸುವ ಸಣ್ಣ ಸಣ್ಣ ವಸ್ತುಗಳೂ ಪಕ್ಕದಲ್ಲೇ ಇದ್ದವು. "ತೊಟ್ಟಲಾ ಮಕ್ಕಳಿಗೆ, ಕಣ್ಣು ಕಣ್ಣಿಗೆ. ಇದು ಯಾವ ಹರಕಿಗ್ರಿ?" ಎಂದು ಕೇಳಿದರು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ರೈಲ್ವೆ ನೌಕರಿ ಸಿಗಲಿ ಅಂತ" ಎಂದೆ.

ಅವರು ನಗುತ್ತಾರೆ ಎಂದುಕೊಂಡಿದ್ದೆ. ಅವರು ಹೆಂಡತಿಯನ್ನು ಕೂಗಿ ಕರೆದರು. ಮಗ ರೈಲ್ವೆ ಪರೀಕ್ಷೆ ಬರೆದಿದ್ದಾನಂತೆ. ಆಕೆ ತನ್ನ ಅಕ್ಕನನ್ನು ಕರೆದಳು. ಅವರ ಮಗಳೂ ಬರೆದಿದ್ದಾಳಂತೆ. ನಾನು ತಮಾಷೆಗೆ ಹೇಳಿದೆನೆಂದು ಎಷ್ಟು ಬಡಕೊಂಡರೂ, "ನಿಮಗ ನೌಕರಿ ಹೆಂಗ ಸಿಕ್ಕಿತ್ರಿ?" ಎಂದು ಕೇಳಿದರು. ನಾನು ಹುಂಬಿಯ ಹಾಗೆ ನಿಜವನ್ನೇ ಹೇಳಿದೆ, "ಇದ ರೈಲಿನಿಂದ." ಆಮೇಲೆ ಯಾರು ಬಿಡುತ್ತಾರೆ? ಉಂಡು ಬಂದ ಚಿಗವ್ವ ಜನ ನೆರೆದದ್ದು ನೋಡಿ, ವಿಷಯ ತಿಳಿದು, ಹಣೆ ಬಡಿದುಕೊಂಡಳು. "ಇಷ್ಟು ವರ್ಷ ನನಗಿದು ಹೊಳೀಲಿಲ್ಲಲ್ಲ!"

ಡಬ್ಬಿ ಸಿಕ್ಕಿತು. ವಾರ ಬಿಟ್ಟು ಚಿಗವ್ವನ ಫೋನು. "ಆ ಡಬ್ಬಿ ನೀನ ಇಟ್ಕೊ. ನಾ ಪ್ಲಾಸ್ಟಿಕ್ ರೈಲು ತರಿಸೇನಿ, ಹಂಗ ಹೊಂಟಾವ. ಒಬ್ಬಾಂವ ಬಂದು ಬಸ್ ಐತೇನು ಅಂತ ಕೇಳಾಕತ್ತಾನ. ಅವನ ಮಗ ಕಂಡಕ್ಟರ್ ಪರೀಕ್ಷಾ ಬರದಾನಂತ. ನಿನ್ನ ಗೆಳತ್ಯಾರು ಯಾರರ ಬಸ್ಸಿನ ಖಾತೇದಾಗ ಅದಾರೇನು?"

ಹಲ್ಲು ಹಾಕುವವರು

ಇನ್ನು ಚಕ್ರ. ಖಾಲಿ ಗೂಟದ ಎಡಬಲದಲ್ಲಿ ಎರಡು ಚಕ್ರ ಉಳಿದಿದ್ದವು. ಅವುಗಳ ನಡುವಿನ ಅಂತರ ಅಳೆದು, ಹೊಸ ಚಕ್ರಕ್ಕೆ ಇಪ್ಪತ್ತೆರಡು ಹಲ್ಲು ಬೇಕೆಂದು ಕಂಡುಹಿಡಿದಿದ್ದೆ. ಸವದತ್ತಿಯಲ್ಲಿ ನಾಜೂಕಾಗಿ ಇಂಥ ಕೆಲಸ ಮಾಡುವ ಲೇತ್ ಮಿಸ್ತ್ರಿ ಒಬ್ಬರಿದ್ದಾರೆಂದು ಕೇಳಿ ಹೋದೆ. ಬಸ್ ಸ್ಟ್ಯಾಂಡಿನ ಎದುರು ಚಹಾ ಅಂಗಡಿಯವನನ್ನು, "ಚಕ್ರಕ್ಕ ಹಲ್ಲು ಹಾಕೋರು ಎಲ್ಲಿ ಅದಾರ?" ಎಂದು ಕೇಳಿದೆ. ಸ್ಟೋವಿನ ಗದ್ದಲದಲ್ಲಿ ಅವನಿಗೆ ಚಕ್ರ ಕೇಳಿಸಲಿಲ್ಲ, ಹಲ್ಲು ಮಾತ್ರ ಕೇಳಿಸಿತು. "ಮಾಳಗಿ ಮ್ಯಾಲ ಹೋಗ್ರಿ" ಎಂದು ಕೈ ತೋರಿಸಿದ.

ಮಾಳಿಗೆ ಹತ್ತಿದೆ. ಒಬ್ಬ ಹುಡುಗಿ ಚೀಟಿ ಬರೆಯುತ್ತ ಕುಳಿತಿದ್ದಳು. ತಲೆ ಎತ್ತದೆ ಕೇಳಿದಳು, "ಯಾರಿಗ್ರಿ?"

"ನಮ್ಮ ಅಕ್ಕನದು."

"ವಯಸ್ಸು?"

"ಐವತ್ತು ದಾಟೇತಿ."

"ಎಷ್ಟು ಹಲ್ಲು ಹಾಕಬೇಕ್ರಿ?"

"ಇಪ್ಪತ್ತೆರಡು."

ಆಕೆ ಈಗ ತಲೆ ಎತ್ತಿದಳು. "ಅಷ್ಟೂ ಹ್ಯಾಂಗ ಹೋದುವ್ರಿ?"

"ನಾನ ಬಿಚ್ಚಿದ್ದೆ, ಸಣ್ಣಾಕಿ ಇದ್ದಾಗ."

ಹುಡುಗಿ ಚೀಟಿ ಬಿಟ್ಟು ಒಳಗೆ ಓಡಿದಳು. ಹೊರಗೆ ಬಂದ ಡಾಕ್ಟರಮ್ಮ ನನ್ನ ಕೈಯಲ್ಲಿದ್ದ ಎಂಜಿನ್ ನೋಡಿ, ವಿಷಯ ತಿಳಿದು, ಗೋಡೆ ಹಿಡಿದುಕೊಂಡು ನಕ್ಕರು. ಆದರೆ ಬಹಳ ಒಳ್ಳೆಯವರು, ನನ್ನಷ್ಟೇ ಕುತೂಹಲದವರು. ಎಂಜಿನ್ನನ್ನು ಕುರ್ಚಿಯಲ್ಲಿ ಮಲಗಿಸಿ, ದೀಪ ಹಾಕಿ, ಉಳಿದ ಚಕ್ರಗಳ ಹಲ್ಲಿಗೆ ತಮ್ಮ ಗುಲಾಬಿ ಮೇಣ ಒತ್ತಿ ಅಚ್ಚು ತೆಗೆದುಕೊಟ್ಟರು. "ಎಷ್ಟು ವರ್ಷಕ್ಕ ಒಬ್ಬ ಪೇಶಂಟ್ ಚೀರಲಾರದ ಕುಂತಾನ ನೋಡ್ರಿ" ಎಂದು ಖುಷಿಪಟ್ಟರು.

ಕಡೆಗೆ ಮಿಸ್ತ್ರಿ ಸಿಕ್ಕರು. ನಾನು ಎರಡು ರಾತ್ರಿ ಕುಳಿತು ಬಿಡಿಸಿದ ನಕ್ಷೆ ಕೊಟ್ಟೆ. ಅದನ್ನು ಗೌರವದಿಂದ ಎರಡೂ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟರು. ಮೇಣದ ಅಚ್ಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಹಳೆಯ ಹಿತ್ತಾಳೆ ತುಂಡೊಂದನ್ನು ಹುಡುಕಿ ಕೆಲಸಕ್ಕೆ ಕುಳಿತರು. ಸಂಜೆಯೊಳಗೆ ಚಕ್ರ ತಯಾರು. ಗೂಟಕ್ಕೆ ಕೂಡಿಸಿದರೆ ತೂಕಡಿಸುವವನು ದಿಂಬಿಗೆ ಒರಗಿದ ಹಾಗೆ ಹೋಗಿ ಕುಳಿತಿತು. "ನಕ್ಷಾ ಉಪಯೋಗ ಆತೇನ್ರಿ?" ಎಂದು ಆಸೆಯಿಂದ ಕೇಳಿದೆ.

"ಭಾಳ ಉಪಯೋಗ ಆತ್ರಿ. ಚಾದ ಕಪ್ಪು ಇಡಾಕ ಜಾಗಾನ ಇರಲಿಲ್ಲ."

ರಾಮದುರ್ಗದ ಪಡಸಾಲೆ

ಎಂಜಿನ್ ಮತ್ತು ಎರಡು ಡಬ್ಬಿ ಕಟ್ಟಿಕೊಂಡು ರಾಮದುರ್ಗಕ್ಕೆ ಹೋದೆ. ಅಕ್ಕ ಮಾಸ್ತರಿಕೆ ಮಾಡಿ ನಿವೃತ್ತಿಯಾಗಿದ್ದಾಳೆ. ಅವ್ವ ಅವಳ ಜೊತೆ ಇರುತ್ತಾಳೆ. ಎಂಬತ್ತೆಂಟು ವರ್ಷ, ಹಲ್ಲಿಲ್ಲ, ಉಳಿದದ್ದೆಲ್ಲ ಗಟ್ಟಿ.

ನಾನು ಬಂದ ಕಾರಣ ಹೇಳಿದಾಗ ಅಕ್ಕ ಎದ್ದಳು. ಒಳಗೆ ಹೋಗಿ ಒಂದು ಗಂಟು ತಂದಳು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಹಳಿಗಳು, ಮೂರನೆಯ ಡಬ್ಬಿ. ಒಂದು ಚುಕ್ಕೆ ತುಕ್ಕು ಇಲ್ಲ. "ವರ್ಷಕ್ಕೊಮ್ಮಿ ಎಣ್ಣಿ ಹಚ್ಚಿ ಇಡತೇನಿ" ಎಂದಳು, ನನ್ನ ಮುಖ ನೋಡದೆ. ಐವತ್ತು ವರ್ಷ ಓಡದ ರೈಲಿಗೆ ಹಳಿ ಸಿದ್ಧವಿಟ್ಟುಕೊಂಡು ಕಾದವಳು ಅವಳು.

ಪಡಸಾಲೆಯಲ್ಲಿ ಹಳಿ ಜೋಡಿಸಿದೆವು. ಮೊಣಕಾಲು ನೋವೆಂದು ಕುರ್ಚಿ ಬಿಟ್ಟು ಇಳಿಯದ ಅಕ್ಕ ನೆಲಕ್ಕೆ ಕುಳಿತಳು. ಚಾವಿ ಅವಳ ಕೈಗೇ ಕೊಟ್ಟೆ. ತಿರುಗಿಸಿದಳು, ಬಿಟ್ಟಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಟರ್ರ್ ಎಂದು ಒಮ್ಮೆ ಕೆಮ್ಮಿ, ರೈಲು ಹೊರಟೇಬಿಟ್ಟಿತು! ಒಂದು ಸುತ್ತು, ಎರಡು ಸುತ್ತು, ಮೂರು. ಅಕ್ಕ ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದಳು.

ಅಷ್ಟರಲ್ಲಿ ಮಂಚದ ಮೇಲೆ ಮಲಗಿದ್ದ ಅವ್ವ ಎದ್ದು ಕುಳಿತಳು.

"ಮತ್ತ ಸುರು ಆತೇನು ಇದರ ಕಾಟ? ಈ ಸಪ್ಪಳಕ್ಕ ಬ್ಯಾಸತ್ತು ನಾ ಒಂದು ಚಕ್ರ ಕಿತ್ತು ಒಗದ್ರ, ಈಕಿ ಹೊಸಾದು ಮಾಡಿಸ್ಕೊಂಡು ಬಂದಾಳ!"

ರೈಲು ಸುತ್ತುತ್ತಲೇ ಇತ್ತು. ನಾವಿಬ್ಬರೂ ಸುತ್ತುವುದನ್ನು ನೋಡುವುದು ಬಿಟ್ಟೆವು.

"ಏನಂದಿ?" ಎಂದಳು ಅಕ್ಕ.

"ಮುಂಜಾನಿ ನಾಕಕ್ಕ ಏಳಬೇಕು, ರೊಟ್ಟಿ ಬಡೀಬೇಕು, ನೀರು ಸೇದಬೇಕು. ಮಧ್ಯಾನ ಒಂದು ತಾಸು ಅಡ್ಡಾಗೋಣಂದ್ರ ತಲೀಬುಡಕ ಟರ್ರ್ ಟರ್ರ್. ನೀವು ಸಾಲಿಗೆ ಹೋದಾಗ ಅಡಕಿ ಕತ್ತರಸೂ ಅಡಕೊತ್ತಿನ ತುದೀಲೆ ತಗಡು ಎಬ್ಬಿಸಿದೆ, ಒಂದು ಚಕ್ರ ತಗದೆ, ತಗಡು ಹೊಳ್ಳಿ ಕುಂದ್ರಿಸಿದೆ. ಆತು."

ನನ್ನೊಳಗಿನ ಎಂಜಿನಿಯರ್ ಸುಮ್ಮನಿರಲಿಲ್ಲ. "ಯಾವುದು ತಗದ್ರ ನಿಲ್ಲತೈತಿ ಅಂತ ನಿನಗ ಹೆಂಗ ಗೊತ್ತಾತವಾ?"

"ಅದರಾಗೇನು ಗೊತ್ತಾಗೂದು ಐತಿ? ಒಂದರ ಕೈ ಒಂದು ಹಿಡಕೊಂಡು ತಿರಗತಿದ್ದುವು. ನಡುವಿಂದು ಬಿಡಿಸಿದೆ."

ಇದನ್ನೇ ನನಗೆ ಕಾಲೇಜಿನಲ್ಲಿ ಒಂದಿಡೀ ವರ್ಷ ಕಲಿಸಿದ್ದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಡಕೊತ್ತು ಹಿಡಿದ ಈ ಹೆಣ್ಣುಮಗಳು ಕಾಲೇಜು ಕಂಡಿದ್ದರೆ ಏನಾಗಿರುತ್ತಿದ್ದಳೋ ಎಂಬ ಅಭಿಮಾನವೇ ಉಕ್ಕಿ ಬಂತು.

ಅಕ್ಕನ ಮುಖ ಕೆಂಪಾಗಿತ್ತು. "ಐವತ್ತು ವರ್ಷ ಈಕಿನ್ನ ಬೈಕೋಂತ ಬಂದ್ನೆಲ್ಲ! ಒಂದಿನರ ಹೇಳಬಾರದೇನು?"

"ಹೇಳೋಣ ಅನ್ನೂದ್ರಾಗ ಈಕಿ ಎಂಜಿನಿಯರ್ ಆಗಿಬಿಟ್ಲು. ಮತ್ತ್ಯಾಕ ಕೆಡಸೂದಂತ ಬಿಟ್ಟೆ."

ಅಕ್ಕ ನನ್ನ ಕೈ ಹಿಡಿದಳು. "ತಪ್ಪಾತ ತಂಗಿ" ಎಂದಳು, ಅಳುತ್ತಲೂ ನಗುತ್ತಲೂ. ನಾನೂ ಅಷ್ಟೇ. ಐವತ್ತು ವರ್ಷದ ಭಾರ ಇಬ್ಬರ ಹೆಗಲಿನಿಂದಲೂ ಇಳಿದಿತ್ತು. ಇದ್ದಕ್ಕಿದ್ದಂತೆ ಅಕ್ಕನಿಗೆ ಏನೋ ಹೊಳೆಯಿತು. ಕಣ್ಣೊರೆಸಿಕೊಂಡು ಅವ್ವನ ಕಡೆ ತಿರುಗಿದಳು.

"ಅವ್ವಾ, ಹಂಗಾರ ಸಣ್ಣಾಕಿ ಇದ್ದಾಗ ನಾ ಬಾರಸತಿದ್ದ ಹಾರ್ಮೋನಿಯಂ? ಒಮ್ಮಿಗೆ ನುಡಿಯೂದು ಬಿಟ್ಟಿತ್ತಲ್ಲ? ಇಲಿ ಕಡದಾವ ಅಂದಿದ್ದಿ?"

ಅವ್ವ ಎಲೆಗೆ ಸುಣ್ಣ ಹಚ್ಚುತ್ತ ಅಕ್ಕನನ್ನು ಕನಿಕರದಿಂದ ನೋಡಿದಳು.

"ಇಲಿಗೆ ಸ್ಕ್ರೂ ಬಿಚ್ಚಾಕ ಬರತೈತೇನ ಹುಚ್ಚಿ? ಅದೂ ನಾನ. ಆದರ ರೈಲು ನಿಂತಾಗ ಈಕಿ ಬಿಚ್ಚಿ ನೋಡಿದ್ಲು, ಹಾರ್ಮೋನಿಯಂ ನಿಂತಾಗ ನೀ ಅಳಕೋಂತ ಕುಂತಿ. ಅದಕ್ಕ ನಾ ಏನು ಮಾಡ್ಲಿ?"